ಅಂಗಳದ ದೋಣಿಗೆ ಬಾಡಿಗೆ ಎಷ್ಟು?

ಸುಂದ್ರಿ ದೋಣಿಯೊಳಗೆ ಮೂತಿ ಇಟ್ಟು ಸೊರಸೊರನೆ ನೀರು ಕುಡಿಯುತ್ತಿತ್ತು. ಸುಂದ್ರಿ ಅಂದರೆ ಚೌಡಮ್ಮಜ್ಜಿಯ ಎಮ್ಮೆ. ಅಂಗಳವೂ ಅಜ್ಜಿಯದೇ. ದೋಣಿ ಮಾತ್ರ ಶಿಲ್ಪಾಳ ಅಜ್ಜನದು.

"ಅಜ್ಜೀ, ನಿಮ್ಮ ಎಮ್ಮಿ ಮತ್ತ ನಮ್ಮ ದೋಣ್ಯಾಗ ಬಾಯಿ ಹಾಕೈತಿ ನೋಡ್ರಿ," ಎಂದು ಶಿಲ್ಪಾ ಕೂಗಿ ಹೇಳಿದಳು.

ಚೌಡಮ್ಮಜ್ಜಿ ಪಾತ್ರೆ ಹಿಡಿದು ಹೊರಗೆ ಬಂದಳು. ಎಮ್ಮೆಯನ್ನು ಅಟ್ಟುತ್ತಾಳೆ ಅಂದುಕೊಂಡರೆ, ಅಕ್ಕಿ ತೊಳೆದ ನೀರನ್ನೂ ತಂದು ದೋಣಿಗೇ ಸುರಿದಳು. "ಕುಡೀಲಿ ಬಿಡವ್ವಾ. ಬ್ಯಾಸಗಿ, ಅದಕ್ಕೂ ಬಾಯಾರ್ತತಿ," ಎಂದು ಒಳಗೆ ಹೋಗಿಬಿಟ್ಟಳು.

ಜೊತೆಗೆ ಬಂದಿದ್ದ ದರ್ಶನ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಶಿಲ್ಪಾಳ ಕ್ಲಾಸಿನವನು. ರಜೆಗೆ ಗೋವಾದ ಮಾವನ ಮನೆಗೆ ಹೋಗಿ ನಿನ್ನೆಯಷ್ಟೇ ಬಂದಿದ್ದ. ಬಂದಾಗಿನಿಂದ ಅವನ ಬಾಯಲ್ಲಿ ಬರೀ ಗೋವಾ.

"ಅಲ್ಲಿ ಬೋಟ್ ಇಡಾಕಂತನ ಒಂದು ಜಾಗ ಇರ್ತತಿ. ಮರೀನಾ ಅಂತಾರ," ಎಂದ. "ಅಡಿ ಲೆಕ್ಕದಾಗ ಬಾಡಿಗಿ. ಬೋಟ್ ಎಷ್ಟು ಉದ್ದ ಐತೋ ಅಷ್ಟು ರೊಕ್ಕ. ಆದ್ರ ತೊಳದು, ಕವರ್ ಹಾಕಿ ಇಡ್ತಾರ. ವಾಚ್‌ಮನ್ ಬ್ಯಾರೆ ಇರ್ತಾನ. ನೀವು ಈ ಅಜ್ಜಿಗೆ ಏನ್ ಕೊಡ್ತೀರಿ?"

"ವರ್ಷಾ ಎರಡು ಹೊರಿ ಹುಲ್ಲು."

"ಹುಲ್ಲೂ ಕೊಡ್ತೀರಿ, ಮ್ಯಾಲ ಎಮ್ಮಿಗೆ ನೀರು ಕುಡಿಯಾಕ ಬಾನಿನೂ ಕೊಡ್ತೀರಿ. ಭಾರಿ ಶಾಣ್ಯಾರದೀರಿ ಬಿಡು."

ಶಿಲ್ಪಾಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇರುತ್ತದೆಯೇ? ಆ ದೋಣಿ ಅಂತಿಂಥ ದೋಣಿಯಲ್ಲ. ಬನವಾಸಿ ಹತ್ತಿರ, ವರದಾ ಹೊಳೆಯ ದಂಡೆಯ ಮೇಲೆ ಅವರ ಊರು. ಮಳೆಗಾಲದಲ್ಲಿ ಹೊಳೆ ಉಕ್ಕಿ ಗದ್ದೆಯ ದಾರಿಯೆಲ್ಲ ನೀರಿನಡಿ ಹೋಗುತ್ತದೆ. ಆ ನಿಂತ ನೀರನ್ನು ದಾಟಿ ಗದ್ದೆ ಮುಟ್ಟಬೇಕಾದರೆ ಅಜ್ಜ ಮಡಿವಾಳಪ್ಪನಿಗೆ ದೋಣಿಯೇ ಗತಿ. ಮಳೆ ಮುಗಿದ ಮೇಲೆ ದೋಣಿಯನ್ನು ದಂಡೆಗೆ ಹತ್ತಿರದ ಚೌಡಮ್ಮಜ್ಜಿಯ ಅಂಗಳದಲ್ಲಿ, ಹಲಸಿನ ಮರದ ಕೆಳಗೆ ಇಡುವುದು ವಾಡಿಕೆ.

ಅಜ್ಜ ಈಗ ಊರಲ್ಲಿರಲಿಲ್ಲ. ಕಣ್ಣಿನ ಆಪರೇಷನ್ನಿಗೆಂದು ಹುಬ್ಬಳ್ಳಿಯ ಅತ್ತೆಯ ಮನೆಗೆ ಹೋಗಿದ್ದ. ಹೊರಡುವಾಗ, "ನಾ ಬರೋತನಕ ದೋಣಿ ನಿನ್ನ ಜವಾಬ್ದಾರಿ," ಎಂದಿದ್ದ. ಪಿಯುಸಿ ಓದುವ ಭರತಣ್ಣ ಅಲ್ಲೇ ಪಕ್ಕದಲ್ಲಿ ನಿಂತಿದ್ದರೂ ಅಜ್ಜ ಹೇಳಿದ್ದು ಶಿಲ್ಪಾಳಿಗೆ. ಅವತ್ತಿನಿಂದ ಅವಳ ನಡಿಗೆಯೇ ಬದಲಾಗಿತ್ತು.

"ದೋಣಿ ಮನಿಗೆ ತರೂಣು," ಎಂದು ಅವಳು ಅಣ್ಣನಿಗೆ ಗಂಟುಬಿದ್ದಳು. ಭರತ ಮೊದಲು ಒಲ್ಲೆನೆಂದ. ಒಂದು ವಾರ ಬೈಕ್ ತೊಳೆದುಕೊಡುತ್ತೇನೆ ಎಂದು ಅವಳು ಅಂದ ಮೇಲೆ ಟಿಲ್ಲರಿಗೆ ಟ್ರೇಲರ್ ಕಟ್ಟಿದ.

ದೋಣಿ ಮಗುಚಿ ನೀರು ಚೆಲ್ಲುವಾಗ ಚೌಡಮ್ಮಜ್ಜಿ ಬಾಗಿಲಿಗೆ ಬಂದಳು. "ಯಾಕವ್ವಾ, ಒಯ್ತೀರೇನು?"

"ಹೂಂನ್ರಿ ಅಜ್ಜಿ. ನಮ್ಮ ಮನ್ಯಾಗ ಜಾಗ ಐತಿ."

ಅಜ್ಜಿ ಸುಂದ್ರಿಯ ಕಡೆ ಒಮ್ಮೆ ನೋಡಿದಳು. "ನಿಮ್ಮ ದೋಣಿ. ಒಯ್ರಿ," ಎಂದಳು. ಸುಂದ್ರಿ ಹಗ್ಗ ಜಗ್ಗಿ ಕತ್ತು ಉದ್ದ ಮಾಡಿ ಟ್ರೇಲರನ್ನೇ ನೋಡುತ್ತಿತ್ತು.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದೋಣಿಗೆ ರಾಜೋಪಚಾರ ನಡೆಯಿತು. ಶಿಲ್ಪಾ ಅದನ್ನು ತಿಕ್ಕಿ ತಿಕ್ಕಿ ತೊಳೆದಳು. ಬಿಸಿಲಿಗಿಟ್ಟು ಒಂದು ಹನಿ ಪಸೆ ಇಲ್ಲದಂತೆ ಒಣಗಿಸಿದಳು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಬೆಡ್‌ಶೀಟ್ ಹೊದಿಸಿದಳು.

"ಮನಿ ಮಂದಿ ತಲಿಗೆ ಹಚ್ಚಾಕ ಎಣ್ಣಿ ಇಲ್ಲ, ಇಕಿ ದೋಣಿಗೆ ಹಚ್ಯಾಳ," ಎಂದು ಅವ್ವ ಖಾಲಿ ಬಾಟಲಿ ಹಿಡಿದು ಮನೆತುಂಬ ಓಡಾಡಿದಳು.

ದರ್ಶನ ಬಂದು ಸುತ್ತ ತಿರುಗಿ ನೋಡಿ, "ಈಗ ಬೋಟ್ ಇದ್ದಂಗೈತಿ," ಎಂದು ಪಾಸು ಮಾಡಿದ. ಸಂಜೆ ಅಜ್ಜ ಫೋನಿನಲ್ಲಿ, "ದೋಣಿ ಹೆಂಗೈತಿ?" ಎಂದು ಕೇಳಿದಾಗಲೆಲ್ಲ ಶಿಲ್ಪಾ, "ಮಸ್ತ್ ಐತಿ ಅಜ್ಜಾ," ಎನ್ನುತ್ತಿದ್ದಳು. ಅಜ್ಜ ಬಂದ ಮೇಲೆ ತೋರಿಸಿ ಬೆರಗು ಮಾಡಬೇಕೆಂದು ಜಾಗ ಬದಲಿಸಿದ ಸುದ್ದಿಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದಳು.

ಬಿಸಿಲು ಏರುತ್ತಾ ಹೋಯಿತು. ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ನಿಲ್ಲುವುದಕ್ಕೂ ಆಗುತ್ತಿರಲಿಲ್ಲ.

ಒಂದು ದಿನ ಪಿಕಾಸಿ ತರಲು ಶೆಡ್ಡಿಗೆ ಹೋದ ಭರತ ಅಲ್ಲಿಂದಲೇ ಕರೆದ. "ಶಿಲ್ಪೀ, ಬಾ ಇಲ್ಲಿ. ನಾ ಕಾಣ್ತೀನೇನು ನೋಡು."

ಬೆಡ್‌ಶೀಟ್ ತೆಗೆದಿತ್ತು. ಭರತ ದೋಣಿಯ ಆಚೆ ಬದಿಗೆ ಕುಕ್ಕುರುಗಾಲಲ್ಲಿ ಕುಳಿತಿದ್ದ. ಎರಡು ಹಲಗೆಗಳ ನಡುವಿನಿಂದ ಅವನ ಒಂದು ಕಣ್ಣು ಕಾಣುತ್ತಿತ್ತು. ಶಿಲ್ಪಾಳಿಗೆ ಮೊದಲು ನಗು ಬಂತು. ಆಮೇಲೆ ಅವಳು ಸಂದಿಗೆ ಬೆರಳಿಟ್ಟಳು. ಬೆರಳ ತುದಿ ಒಳಗೆ ಹೋಯಿತು. ಕೆಳಗಿನ ಸಂದಿಯೂ ಬಿಟ್ಟಿತ್ತು. ಅದರ ಕೆಳಗಿನದೂ ಹಾಗೆಯೇ.

"ಹಿಂಗ ನೀರಿಗಿಟ್ರ ಮುಳುಗೋದ," ಎಂದ ಭರತ. ಅವನ ಮುಖದಲ್ಲೂ ನಗುವಿರಲಿಲ್ಲ.

ಅವತ್ತು ಸಂಜೆ ಫೋನ್ ಬಂದಾಗ ಶಿಲ್ಪಾ ಬಚ್ಚಲಿಗೆ ಹೋಗಿ ಕುಳಿತಳು. ಅವ್ವ ಬಿಡಲಿಲ್ಲ, ಫೋನನ್ನು ಅಲ್ಲಿಗೇ ತಂದು ಕೊಟ್ಟಳು. ಶಿಲ್ಪಾ ಅಳುತ್ತಲೇ ಎಲ್ಲ ಹೇಳಿದಳು. ಶೆಡ್ಡಿಗೆ ತಂದಿದ್ದು, ಒಣಗಿಸಿದ್ದು, ಎಣ್ಣೆ ಹಚ್ಚಿದ್ದು, ಕೊನೆಗೆ ಹಲಗೆ ಬಾಯಿ ಬಿಟ್ಟಿದ್ದು.

ಆ ಕಡೆಯಿಂದ ಅಜ್ಜ ಕೇಳಿದ, "ಚೌಡವ್ವನ ಎಮ್ಮಿ ಈಗ ನೀರು ಎಲ್ಲಿ ಕುಡೀತತಿ?"

ಅಜ್ಜನಿಗೆ ಸರಿಯಾಗಿ ಕೇಳಿಸಿಲ್ಲ ಎಂದು ಶಿಲ್ಪಾಳಿಗೆ ಅನ್ನಿಸಿತು. "ಅಜ್ಜಾ, ನಾ ದೋಣಿ ಬಗ್ಗೆ ಹೇಳಾಕತ್ತೀನಿ."

"ನಾನೂ ದೋಣಿ ಬಗ್ಗೇನ ಕೇಳಾಕತ್ತೀನಿ. ಕಟ್ಟಿಗಿ ದೋಣಿ ಬ್ಯಾಸಗ್ಯಾಗ ಹಸಿ ಇರಬೇಕವ್ವಾ. ಒಣಗಿದ್ರ ಸಂದಿ ಬಿಡ್ತತಿ. ನನ್ನ ದೋಣಿಗೆ ದಿನಾ ನೀರು ಹಾಕ್ರಿ ಅಂದ್ರ ಯಾರು ಹಾಕ್ತಾರ ಹೇಳು? ತಮ್ಮ ಎಮ್ಮಿಗಾದ್ರ ಹಾಕ್ತಾರ. ಎಮ್ಮಿಗೆ ಬಾನಿ ಸಿಕ್ತು ಅಂತ ಅಕಿಗೆ ಖುಷಿ. ದೋಣಿ ಉಳೀತು ಅಂತ ನನಗ ಖುಷಿ."

"ಮತ್ತ ಹುಲ್ಲು ಯಾಕ ಕೊಡ್ತಿದ್ದಿ?"

"ಹುಲ್ಲು ಸುಂದ್ರಿಗೆ. ದೋಣಿ ಕಾಯೋದು ಅದಲ್ಲೇನು?"

ಶಿಲ್ಪಾ ಮೂಗು ಒರೆಸಿಕೊಂಡಳು. "ನನಗ ಯಾಕ ಹೇಳಲಿಲ್ಲ?"

"ಹೇಳಬೇಕಾಗಿತ್ತು. ನಂದೂ ತಪ್ಪೈತಿ," ಎಂದ ಅಜ್ಜ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಶಿಲ್ಪಾಳಿಗೆ ಇನ್ನಷ್ಟು ಅಳು ಬಂತು. "ಎಲ್ಲಿಂದ ತಂದಿ, ಅಲ್ಲೇ ಒಯ್ದಿಡು. ಚೌಡವ್ವನ್ನ ಕೇಳಿ ಇಡು. ದಿನಾ ನೀರು ಹಾಕು, ಹಲಗಿ ನೀರು ಕುಡಿದು ಉಬ್ಬತಾವ. ಮಳಿ ಬರೋದ್ರಾಗ ಸಂದಿ ಕೂಡಿದ್ರ ನಮ್ಮ ಪುಣ್ಯ."

ಮರುದಿನ ಬೆಳಿಗ್ಗೆ ಚೌಡಮ್ಮಜ್ಜಿಯ ಮನೆಗೆ ಬೀಗ ಹಾಕಿತ್ತು. ಶಿಲ್ಪಾ ಅಂಗಳದಲ್ಲಿ ಕಾದು ನಿಂತಳು. ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯ ಏರು ದಾರಿಯಲ್ಲಿ ಮೊದಲು ಸುಂದ್ರಿ ಬಂತು. ಹಿಂದೆ ಅಜ್ಜಿ ಮೊಣಕಾಲ ಮೇಲೆ ಕೈಯೂರಿ, ಎರಡು ಹೆಜ್ಜೆಗೊಮ್ಮೆ ನಿಂತು ಹತ್ತುತ್ತಿದ್ದಳು.

"ಹೊಳೀಗೆ ಯಾಕ ಹೋಗಿದ್ರಿ ಅಜ್ಜಿ?"

"ಇದು ಬಕೆಟ್ ಕಂಡ್ರ ಒದೀತತಿ. ಅಲ್ಲೇ ಹೋಗಿ ಕುಡಿಸ್ಕೊಂಡು ಬರ್ತೀನಿ, ದಿನಾ ಎರಡು ಸಲ," ಎಂದಳು ಅಜ್ಜಿ. ಬಿಸಿಲು ಜಾಸ್ತಿ ಅನ್ನುವಷ್ಟೇ ಸಹಜವಾಗಿ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತಳು.

ಶಿಲ್ಪಾಳಿಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು. ಆದರೂ ಓಡಿಹೋಗಲಿಲ್ಲ. "ಅಜ್ಜಿ, ದೋಣಿ ಮತ್ತ ಇಲ್ಲೇ ಇಡ್ಲೇನ್ರಿ?"

"ನಿಮ್ಮ ಮನ್ಯಾಗ ಜಾಗ ಐತಿ ಅಂದಿದ್ದಿ?"

"ಜಾಗ ಐತ್ರಿ. ಸುಂದ್ರಿ ಇಲ್ಲ."

ಚೌಡಮ್ಮಜ್ಜಿಗೆ ನಗು ತಡೆಯಲಾಗಲಿಲ್ಲ. "ತಗೊಂಬಾ," ಎಂದಳು.

ಸಂಜೆ ಟ್ರೇಲರಿನಿಂದ ಇಳಿದ ದೋಣಿಯನ್ನು ಅಜ್ಜಿ ಮೂಸಿ ನೋಡಿದಳು. "ಇದೇನವ್ವಾ ಕೊಬ್ಬರಿ ಎಣ್ಣಿ ವಾಸನಿ? ಸುಂದ್ರಿ ಇದಕ್ಕ ಮೂತಿ ಇಡಂಗಿಲ್ಲ. ಸೀಗೇಕಾಯಿ ಕೊಡ್ತೀನಿ, ತೊಳಿ. ಈ ವರ್ಷ ಅದ ಬಾಡಿಗಿ."

ಹಾಗೆ ದೋಣಿಗೆ ಎಣ್ಣೆಯಾದ ಮೇಲೆ ತಲೆಸ್ನಾನವೂ ಆಯಿತು.

ಮೊದಲ ಕೊಡ ನೀರು ಜರಡಿಗೆ ಸುರಿದಂತೆ ಅಷ್ಟೂ ಹೊರಗೆ ಹೋಯಿತು. ಎರಡನೆಯದೂ ಹೋಯಿತು. ಶಿಲ್ಪಾ ನಲ್ಲಿಯಿಂದ ಹೊತ್ತು ಹೊತ್ತು ಸುರಿದಳು. ದಿನಾ ಬೆಳಿಗ್ಗೆ ಬಂದಳು, ಸಂಜೆಯೂ ಬಂದಳು. ಅಂಗೈ ಕೆಂಪಾಗಿ ಚರ್ಮ ಸುಲಿಯಿತು. ದರ್ಶನ ಒಂದು ದಿನ ಬಂದು ನೋಡಿ, ಗೋವಾದ ಮಾತೆತ್ತದೆ ತಾನೂ ಒಂದು ಕೊಡ ಎತ್ತಿಕೊಂಡ. ಸುರಿದ ನೀರು ಮೊದಮೊದಲು ಅರೆಗಳಿಗೆ ನಿಂತಿತು. ಆಮೇಲೆ ಮಧ್ಯಾಹ್ನದವರೆಗೆ ನಿಂತಿತು. ಚೌಡಮ್ಮಜ್ಜಿ ಹೊಳೆಯ ಏರು ಹತ್ತುವುದು ನಿಂತುಹೋಯಿತು.

ಮೋಡ ಕಟ್ಟತೊಡಗಿದ ಹೊತ್ತಿಗೆ ಅಜ್ಜ ಬಂದ. ಕಪ್ಪು ಕನ್ನಡಕ ಹಾಕಿದ್ದ. ನೇರವಾಗಿ ಹಲಸಿನ ಮರದ ಕೆಳಗೆ ಬಂದು, ದೋಣಿಯ ಪಕ್ಕ ಕುಳಿತು, ಹಲಗೆಗಳ ಹೊರಮೈಗೆ ಕೈ ಹಚ್ಚಿದ. ಒಂದೊಂದೇ ಸಂದಿಯನ್ನು ಅಂಗೈಯಿಂದ ಮುಟ್ಟುತ್ತಾ ಸರಿದ. ಶಿಲ್ಪಾ ಅಜ್ಜನ ಅಂಗೈಯನ್ನೇ ನೋಡಿದಳು. ಒಂದು ಕಡೆ ಕೈ ನಿಂತಿತು. ಅಂಗೈ ಒದ್ದೆಯಾಗಿತ್ತು.

"ಇದೊಂದು ಕೂಡಿಲ್ಲ," ಎಂದ ಅಜ್ಜ.

"ಡಾಂಬರ್ ಹಾಕಿದ್ರ ನಿಲ್ತತೇನು?"

"ಹಾಕೂಣು. ಆದ್ರೂ ಒಂಚೂರು ಬರ್ತತಿ. ಈ ವರ್ಷ ಗದ್ದಿಗೆ ಹೋಗುವಾಗ ದೋಣ್ಯಾಗ ಒಬ್ರು ಕುಂತು ನೀರು ತೋಡಿ ಹೊರಗ ಚೆಲ್ಲಬೇಕು."

"ನಾ ತೋಡ್ತೀನಿ," ಎಂದಳು ಶಿಲ್ಪಾ.

"ಕೈ ಸೋಲ್ತಾವ."

"ಗೊತ್ತೈತಿ ಅಜ್ಜಾ."

ಅಜ್ಜ ಅವಳ ಸುಲಿದ ಅಂಗೈಯನ್ನು ಹಿಡಿದು ನೋಡಿ, ಹೂಂ ಎಂದ. ಚೌಡಮ್ಮಜ್ಜಿ ಒಳಗಿನಿಂದ ಇಬ್ಬರಿಗೂ ಮಜ್ಜಿಗೆ ತಂದಳು. ಜೊತೆಗೆ ತೆಂಗಿನ ಕರಟವೊಂದನ್ನು ತಂದು, "ತೋಡಾಕ ಇದು ಚೊಲೋ," ಎಂದು ಶಿಲ್ಪಾಳಿಗೆ ಕೊಟ್ಟಳು.

ಅಜ್ಜ ಮತ್ತು ಚೌಡಮ್ಮಜ್ಜಿ ಹುಬ್ಬಳ್ಳಿಯ ಸುದ್ದಿ ಮಾತಾಡುತ್ತಾ ಕಟ್ಟೆಯ ಮೇಲೆ ಕುಳಿತರು. ಶಿಲ್ಪಾ ಸೋರುವ ಸಂದಿಯ ಕೆಳಗೆ ಕರಟ ಹಿಡಿದು ಕುಳಿತಳು. ಹನಿ ಹನಿಯಾಗಿ ಬೀಳುವ ನೀರಿಗೆ ಅದು ತುಂಬಲು ಬಹಳ ಹೊತ್ತು ಹಿಡಿಯಿತು. ತುಂಬಿದ ಮೇಲೆ ಅವಳು ಎದ್ದು ನಿಂತು, ಆ ನೀರನ್ನು ನೆಲಕ್ಕೆ ಚೆಲ್ಲದೆ ದೋಣಿಯೊಳಗೇ ಮೆಲ್ಲಗೆ ಸುರಿದಳು. ಮತ್ತೆ ಕುಳಿತು ಕರಟ ಹಿಡಿದಳು.