ಹಳದಿ ಬೆಂಡು

“ತಾತಾ, ಎಳಿ! ಬೆಂಡು ಮುಳುಗ್ತು!”

ತಾತ ಕೋಲು ಎತ್ತುವಷ್ಟರಲ್ಲಿ ಬೆಂಡು ಮತ್ತೆ ಕೆರೆಯ ನೀರಿನ ಮೇಲೆ ತೇಲುತ್ತಿತ್ತು. ಗಾಳ ಖಾಲಿ. ಎರೆಹುಳು ಮಾಯ.

“ಊಟ ಮಾಡಿ, ಕೈ ತೊಳ್ಕೊಂಡು ಹೋಗಿದೆ ನೋಡು,” ಎಂದರು ತಾತ.

ಪಕ್ಕದ ಬಂಡೆಯ ಮೇಲೆ ಗಾಳ ಹಾಕಿ ಕೂತಿದ್ದ ಬಸ್ ಡ್ರೈವರ್ ನಕ್ಕ. “ಏನ್ ಯಜಮಾನ್ರೇ, ಮೀನಿಗೆ ಟೈಮ್ ಹೇಳ್ತಾ ಕೂತಿದ್ದೀರಾ?”

ಹುಡುಗಿಗೆ ಸಿಟ್ಟು ಬಂತು. ತಾತನದು ವಾಚ್ ರಿಪೇರಿ ಅಂಗಡಿ. ಬೇಸಿಗೆ ರಜೆ ಶುರುವಾದ ಸೋಮವಾರವೇ ಬಾಗಿಲಿಗೆ ‘ಒಂದು ವಾರ ರಜೆ’ ಎಂದು ಬರೆದು ಅಂಟಿಸಿ, “ಬಾರೇ ಸೆಕೆಂಡ್ ಮುಳ್ಳು, ಮೀನು ಹಿಡಿಯೋಣ” ಎಂದಿದ್ದರು. ಒಂದು ಕಡೆ ನಿಲ್ಲದವಳು ಎಂದು ಅವಳಿಗೆ ಆ ಹೆಸರು.

ಎಂದೂ ಅಂಗಡಿ ಮುಚ್ಚದ ತಾತ! ಅವಳು ಕುಣಿದಾಡಿಬಿಟ್ಟಿದ್ದಳು. ಹುಳು ಸಿಕ್ಕಿಸುವುದು, ಗಂಟು ಹಾಕುವುದು, ಗಾಳ ಬೀಸುವುದು ಎಲ್ಲ ಅವಳದೇ ಕೆಲಸ. “ನಿನ್ನ ಬೆರಳು ಸಣ್ಣ, ನೀನೇ ಮಾಡು” ಎನ್ನುತ್ತಿದ್ದರು ತಾತ.

ಇವತ್ತು ಶನಿವಾರ. ಆರು ದಿನವಾದರೂ ಒಂದು ಮೀನಿಲ್ಲ. ತಪ್ಪು ತನ್ನದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಚೆಂದ ಕಾಣಲಿ ಎಂದು ಕೆಂಪು ಬೆಂಡಿಗೆ ಚಿಕ್ಕಮ್ಮನ ಹಸಿರು ನೇಲ್ ಪಾಲಿಶ್ ಬಳಿದಿದ್ದಳು. ಹಸಿರು ನೀರಿನಲ್ಲಿ ಹಸಿರು ಬೆಂಡು ತಾತನಿಗೆ ಹೇಗೆ ಕಾಣಬೇಕು?

ನಾಳೆ ಕೊನೆಯ ದಿನ. ಒಂದಾದರೂ ಮೀನು ಸಿಗದೆ ತಾತ ಅಂಗಡಿಗೆ ಮರಳುವುದೇ?

ಸಂಜೆ ಮನೆಯಲ್ಲಿ, ಕಿಟಕಿಗೆ ಬಳಿದು ಉಳಿದಿದ್ದ ಹಳದಿ ಪೇಂಟ್ ಹುಡುಕಿ ತೆಗೆದಳು. ಅರ್ಧ ಡಬ್ಬಿ ಚೆಲ್ಲಿತು. ಬೆಂಡು ಮಾತ್ರ ನಿಂಬೆಹಣ್ಣಿನ ಹಾಗೆ ಹೊಳೆಯಿತು. “ನಾಳೆ ಹಳದಿ ಬೆಂಡು, ತಾತಾ!” ಎಂದು ಮಲಗುವ ಮುಂಚೆ ತಾತನ ಕಿವಿಯಲ್ಲಿ ಹೇಳಿದಳು.

ಭಾನುವಾರ ಬೆಳಿಗ್ಗೆ ಆತುರಾತುರವಾಗಿ ಗಾಳ ಕಟ್ಟಿ, ಬೀಸಿ, ಕೋಲನ್ನು ತಾತನ ಕೈಗೆ ಕೊಟ್ಟಳು. ಕೂತು ಜೇಬಿಗೆ ಕೈ ಹಾಕಿದರೆ, ಅಯ್ಯೋ! ಬೆಂಡು ಜೇಬಿನಲ್ಲೇ ಇದೆ. ಕಟ್ಟುವುದನ್ನೇ ಮರೆತಿದ್ದಾಳೆ.

ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ತಾತ ನೀರನ್ನೇ ನೋಡುತ್ತ, “ಹಳದಿ ಎಷ್ಟು ಚೆನ್ನಾಗಿ ಕಾಣುತ್ತೆ ಅಲ್ವೇನೇ?” ಎಂದರು.

ನೀರಿನ ಮೇಲೆ ಏನೂ ಇರಲಿಲ್ಲ.

ಹೋದ ವಾರ ತಾತ ಅಂಗಡಿಯ ನೆಲದಲ್ಲಿ ಮೊಣಕಾಲೂರಿ ಒಂದು ಸ್ಕ್ರೂ ಹುಡುಕುತ್ತಿದ್ದುದು ಅವಳಿಗೆ ನೆನಪಾಯಿತು. ಸ್ಕ್ರೂ ಅವರ ಕಾಲ ಹತ್ತಿರವೇ ಇತ್ತು. ಅವರು ಅಂಗೈಯಿಂದ ನೆಲ ತಡವುತ್ತಿದ್ದರು.

ಅವಳು ಬೆಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

“ತಾತಾ, ದಾರ ಬೆರಳಲ್ಲಿ ಹಿಡ್ಕೋ.”

“ಯಾಕೇ?”

“ಡಾಕ್ಟರ್ ನಾಡಿ ನೋಡ್ತಾರಲ್ಲ, ಹಾಗೆ.”

ತಾತ ಎರಡು ಬೆರಳಲ್ಲಿ ದಾರ ಹಿಡಿದರು. ಕೂದಲಿನಷ್ಟು ಸಣ್ಣ ಸ್ಪ್ರಿಂಗ್‌ಗಳನ್ನು ಹಿಡಿದ ಬೆರಳುಗಳು ಅವು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಟ್ಟನೆ ಎಳೆದರು. ಅಂಗೈಯಷ್ಟು ಅಗಲದ ಮೀನು ಪಟಪಟನೆ ಬಡಿದುಕೊಳ್ಳುತ್ತ ಮೇಲೆ ಬಂತು.

“ಬಂತಪ್ಪಾ, ಲೇಟಾದ್ರೂ ಬಂತು!” ಡ್ರೈವರ್ ಎದ್ದು ನಿಂತು ಚಪ್ಪಾಳೆ ತಟ್ಟಿದ.

ತಾತನ ಬೆರಳು ದಾರದ ಮೇಲೆ ಒಂದು ಸಲ ಮೇಲೆ ಹೋಯಿತು, ಒಂದು ಸಲ ಕೆಳಗೆ ಬಂತು. ನಿಂತಿತು.

“ಬೆಂಡು ಎಲ್ಲೇ?”

ಅವಳು ಮುಷ್ಟಿ ಬಿಚ್ಚಿ ಅದನ್ನು ಅವರ ಕೈಯಲ್ಲಿಟ್ಟಳು. ತಾತ ಅದನ್ನು ಬಹಳ ಹೊತ್ತು ತಿರುಗಿಸುತ್ತ ಕೂತರು.

“ಮನೇಲಿ ಹೇಳ್ತೀಯಾ?”

“ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ.”

“ಇಷ್ಟು ದಿನ ಮುಚ್ಚಿಟ್ಟೆ ಅಂತ ನಿಮ್ಮಜ್ಜಿ ಬೈತಾಳೆ ಕಣೇ.”

“ಇಬ್ಬರಿಗೂ ಬೈತಾಳೆ ಬಿಡು. ಪೇಂಟ್ ಚೆಲ್ಲಿದ್ದು ಇನ್ನೂ ನೋಡಿಲ್ಲ.”

ತಾತ ಜೋರಾಗಿ ನಕ್ಕರು. ನಗು ನಿಂತ ಮೇಲೆ, “ಹಾಗಾದ್ರೆ ನಾಳೆ ಅಂಗಡಿ ಬೇಡ. ಮೊದಲು ಕಣ್ಣಾಸ್ಪತ್ರೆ,” ಎಂದರು.

ದಿನವೂ ಮನೆಗೆ ಹೋಗುವಾಗ ಕೆರೆ ಏರಿಯ ಮೇಲೆ ಅವಳು ಓಡಿ ಮುಂದೆ ಹೋಗಿಬಿಡುತ್ತಿದ್ದಳು. ಇವತ್ತು ಮೀನಿನ ಬಕೆಟ್ ಹಿಡಿದು ತಾತನಿಗಿಂತ ಅರ್ಧ ಹೆಜ್ಜೆ ಮುಂದಿದ್ದಳು, ಅಷ್ಟೇ.

“ಏನೇ, ಸೆಕೆಂಡ್ ಮುಳ್ಳು ಇವತ್ತು ನಿಧಾನವಾಗಿದೆ?”

“ಇಲ್ಲಿಂದ ಮೂರು ಮೆಟ್ಟಿಲು, ತಾತಾ,” ಎಂದಳು.