ಮುಳುಗಿದ ಏರಿಯ ಮೇಲೆ

“ಸಂಜೆಯೊಳಗೆ ಈ ಥರ್ಮಾಸು ಹುಲ್ಲುಗುಡ್ಡ ಸೇರಬೇಕು. ಐಸು ಕರಗಿದ್ರೆ ಲಸಿಕೆ ಕೆಟ್ಟ ಹಾಗೇ,” ಎಂದರು ಪುಷ್ಪಮ್ಮ ಟೀಚರು.

ಅರವತ್ತನಾಲ್ಕರ ಅಕ್ಟೋಬರ್. ಲಿಂಗನಮಕ್ಕಿಯಲ್ಲಿ ತಡೆದ ಶರಾವತಿ ದಿನೇದಿನೇ ಮೇಲೇರುತ್ತಿತ್ತು. ನೀರು ಸುತ್ತುವರಿದ ಹುಲ್ಲುಗುಡ್ಡದಲ್ಲಿ ಏಳು ಮನೆಯವರು ಇನ್ನೂ ಉಳಿದಿದ್ದರು. ಅವರಲ್ಲಿ ಇಬ್ಬರಿಗೆ ಸಿಡುಬು. ಹಿಂದಿನ ವಾರ ಲಸಿಕೆಯ ಮುಕುಂದಯ್ಯ ದೋಣಿಯಲ್ಲಿ ಹೋದಾಗ ಹೆಂಗಸರು ಬಾಗಿಲು ಹಾಕಿಕೊಂಡಿದ್ದರು. ಹೆಣ್ಣುಮಕ್ಕಳು ಜೊತೆಗಿದ್ದರೆ ಬಾಗಿಲು ತೆರೆದೀತೆಂದು ಮುಕುಂದಯ್ಯ ಸಾಗರದ ಹೈಸ್ಕೂಲಿನ ಗೈಡ್ಸ್ ಹುಡುಗಿಯರ ನೆರವು ಕೇಳಿದ್ದರು. ಅಷ್ಟರಲ್ಲಿ ದೋಣಿಯ ತಳವೇ ಒಡೆದಿತ್ತು.

ನಡೆದೇ ಹೋಗಬೇಕು. ಆ ದಾರಿ ಗೊತ್ತಿದ್ದವಳು ಗುತ್ಯಮ್ಮ ಒಬ್ಬಳೇ.

ಗುತ್ಯಮ್ಮನಿಗೆ ಹದಿನೈದು. ಅವಳ ಕಂಚಿಬೈಲು ಈ ಮಳೆಗಾಲದಲ್ಲಿ ಮುಳುಗಿತ್ತು. ಅಪ್ಪ ಅಮ್ಮ ಹೊಸ ಜಮೀನು ಹುಡುಕಿಕೊಂಡು ಶಿಕಾರಿಪುರದ ಕಡೆ ಹೋಗಿದ್ದರು. ಹಾಸ್ಟೆಲಿನಲ್ಲಿ ಅವಳು ಗೋಡೆ ಕಡೆ ತಿರುಗಿ ಊಟ ಮಾಡುತ್ತಿದ್ದಳು. ಟೀಚರು ಒತ್ತಾಯಿಸಿ ಗೈಡ್ಸಿಗೆ ಸೇರಿಸಿದ್ದರು. ಅಲ್ಲಿಯೂ ಕಡೇ ಸಾಲು. ತಂಡದ ನಾಯಕಿ ವಾಗ್ದೇವಿಗೆ ಅವಳ ದನಿ ಹೇಗಿದೆಯೆಂದೇ ಗೊತ್ತಿರಲಿಲ್ಲ.

ಟೀಚರು, ಮುಕುಂದಯ್ಯ, ವಾಗ್ದೇವಿ, ಗುತ್ಯಮ್ಮ ನಾಲ್ವರೂ ಬಸ್ಸಿಳಿದು ಎರಡು ತಾಸು ಕಾಡಿನಲ್ಲಿ ನಡೆದರು. ಮರಗಳ ಸಂದಿ ಅಗಲವಾಗಿ, ಎದುರಿಗೆ ಒಮ್ಮೆಗೇ ಬೂದುಬಣ್ಣದ ನೀರು ತೆರೆದುಕೊಂಡಿತು. ಬುಡ ಮುಳುಗಿದ ಮಾವಿನ ಮರಗಳು ಎಲೆ ಉದುರಿಸಿಕೊಂಡು ನಿಂತಿದ್ದವು. ಒಂದರ ಕೊಂಬೆಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಅದು ಕಂಚಿಬೈಲಿನ ನಿಂಗಪ್ಪಜ್ಜನ ಮನೆಯ ಅಂಗಳದ ಮರ. ಗುತ್ಯಮ್ಮ ಗುರುತು ಹಿಡಿದಳು. ಒಂದು ನಾಯಿಯೂ ಬೊಗಳದ ಊರನ್ನು ಅವಳು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದಳು.

“ಇನ್ನೆಲ್ಲಿ ದಾರಿ?” ಮುಕುಂದಯ್ಯ ಕೇಳಿದರು.

“ನೀರೊಳಗೆ. ಗದ್ದೆಯ ಏರಿ ಗುಡ್ಡದ ಬುಡದವರೆಗೂ ಹೋಗ್ತದೆ. ಎಡಕ್ಕೆ ಕಾಲಿಡ್ಬೇಡಿ. ಅಲ್ಲಿ ಹಳ್ಳ,” ಎಂದಳು ಗುತ್ಯಮ್ಮ.

ಟೀಚರು ಒಂದೇ ಹಗ್ಗವನ್ನು ನಾಲ್ವರ ಸೊಂಟಕ್ಕೂ ಬಿಗಿದರು. ಗುತ್ಯಮ್ಮ ಮುಂದೆ. ಕೋಲು ಊರಿ, ಅಂಗಾಲಿನಲ್ಲಿ ತಡವಿ, ಹೆಜ್ಜೆ. ಮತ್ತೊಂದು ಹೆಜ್ಜೆ. ನೀರು ಸೊಂಟಕ್ಕೆ ಬಂತು. ಅಪ್ಪ ಪ್ರತಿ ಬೇಸಿಗೆ ಮಣ್ಣು ಹಾಕಿ ತುಳಿದ ಏರಿ ಕಾಲಡಿಯಲ್ಲಿ ಇನ್ನೂ ಗಟ್ಟಿಯಾಗಿತ್ತು.

ನಡುಮಧ್ಯೆ ಹಗ್ಗ ಜಗ್ಗಿತು.

ಮುಕುಂದಯ್ಯ ಎಡಕ್ಕೆ ಜಾರಿದ್ದರು! ಥರ್ಮಾಸು ಎತ್ತಿ ಹಿಡಿದ ಕೈಯೊಂದೇ ನೀರಿನ ಮೇಲೆ.

“ಎಂತ ಮಾಡದೇ? ಯಂಗೆ ಈಜು ಬತ್ತಿಲ್ಲೆ!” ವಾಗ್ದೇವಿ ತನ್ನ ಹವ್ಯಕ ಮನೆಮಾತಿನಲ್ಲೇ ಚೀರಿದಳು.

“ಈಜ್ಬೇಡ! ಕೋಲು ಊರಿ ಗಟ್ಟಿ ನಿಲ್ಲು! ಟೀಚರ್, ಹಗ್ಗ ಎಳೀರಿ!”

ಅದು ತನ್ನದೇ ದನಿಯೆಂದು ಗುತ್ಯಮ್ಮನಿಗೆ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಅವಳು ಹಳ್ಳಕ್ಕೆ ಧುಮುಕಿ ಮುಕುಂದಯ್ಯನ ಕಂಕುಳಿಗೆ ಹೆಗಲು ಕೊಟ್ಟಿದ್ದಳು. ವಾಗ್ದೇವಿ ಅಲ್ಲಾಡದೆ ನಿಂತಳು. ಟೀಚರು ಎಳೆದರು. ಮುಕುಂದಯ್ಯ ಕೆಮ್ಮುತ್ತಾ ಏರಿಗೆ ಬಂದರು. ಕಾಲು ಉಳುಕಿತ್ತು. ಥರ್ಮಾಸು ಹಾಗೇ ಇತ್ತು.

ಗುಡ್ಡದ ಬುಡದಲ್ಲಿ ಎರಡು ಕೋಲಿಗೆ ಕಂಬಳಿ ಸುತ್ತಿ ಡೋಲಿ ಮಾಡಿ, ಹುಡುಗಿಯರಿಬ್ಬರೂ ಹೊತ್ತರು. ದಾರಿಯುದ್ದಕ್ಕೂ ಮುಕುಂದಯ್ಯ, “ನಾನು ಭಾರ, ಇಳಿಸ್ರಮ್ಮಾ,” ಎನ್ನುತ್ತಲೇ ಇದ್ದರು. ಯಾರೂ ಇಳಿಸಲಿಲ್ಲ.

ಮೊದಲ ಮನೆಯ ಬಾಗಿಲು ಮುಚ್ಚಿತ್ತು. “ಸೂಜಿ ಚುಚ್ಚಿದ್ರೆ ಅಮ್ಮ ಸಿಟ್ಟಾಗ್ತಾಳೆ. ಹೋಗಿ!” ಒಳಗಿನಿಂದ ಹೆಂಗಸೊಬ್ಬಳ ದನಿ.

“ಕನ್ನಮ್ಮತ್ತೆ, ನಾನು ಕಂಚಿಬೈಲು ಮಂಜುನಾಥಪ್ಪನ ಮಗಳು.”

ಬಾಗಿಲು ಒಂದು ಗೇಣು ತೆರೆಯಿತು. “ಗುತ್ತಿಯಾ? ಯಾವ ದಾರೀಲಿ ಬಂದ್ಯೇ?”

“ನಮ್ಮ ಏರಿ ಮೇಲೆ.” ಅವಳು ಒದ್ದೆ ತೋಳು ಸರಿಸಿ ಹಳೆಯ ಲಸಿಕೆಯ ಕಲೆ ತೋರಿಸಿದಳು. “ನಂಗೂ ಹಾಕ್ಯಾರೆ, ನೋಡು. ಊರಂತೂ ಹೋಯ್ತು ಅತ್ತೆ. ನೀವಾದ್ರೂ ಉಳೀರಿ.”

ಕನ್ನಮ್ಮ ಅವಳ ಫ್ರಾಕಿನಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತಾ ನಿಂತಳು. ಆಮೇಲೆ ಕಂಕುಳ ಕೂಸನ್ನು ಮುಂದಕ್ಕೆ ನೀಡಿದಳು.

ಕತ್ತಲಾಗುವುದರೊಳಗೆ ಮೂವತ್ತೊಂದು ಜನಕ್ಕೆ ಲಸಿಕೆಯಾಯಿತು. ಗುತ್ಯಮ್ಮ ಮಕ್ಕಳ ಕೈ ಹಿಡಿದಳು, ವಾಗ್ದೇವಿ ಹೆಸರು ಬರೆದುಕೊಂಡಳು.

ಬೆಳಿಗ್ಗೆ ನೀರು ಇನ್ನೂ ನಾಲ್ಕು ಬೆರಳು ಏರಿತ್ತು. ಮುಕುಂದಯ್ಯ ಟೀಚರ ಹೆಗಲು ಹಿಡಿದು ಕುಂಟುತ್ತಾ ಬಂದರು. ಏರಿಯ ನಡುವೆ ಗುತ್ಯಮ್ಮ ನಿಂತುಬಿಟ್ಟಳು. ಇನ್ನೆರಡು ವಾರಕ್ಕೆ ಇಲ್ಲಿ ಕಾಲು ನೆಲ ಮುಟ್ಟುವುದಿಲ್ಲ. ಮೂವರೂ ಹಗ್ಗ ಹಿಡಿದು ಕಾದರು. ಅವಳು ಮೂಗು ಒರೆಸಿಕೊಂಡು ಕೋಲು ಮುಂದಿಟ್ಟಳು.

ಸಾಗರದ ಬಸ್ಸು ಹತ್ತಿದಾಗ ಕಂಡಕ್ಟರ್ ಅವರ ಒದ್ದೆ ಬಟ್ಟೆ ನೋಡಿದ. “ಎಲ್ಲಿಂದಮ್ಮಾ ಬಂದ್ರಿ, ಹಿಂಗೆ ನೆನ್ಕೊಂಡು?”

“ಕಂಚಿಬೈಲಿಂದ,” ಎಂದಳು ಗುತ್ಯಮ್ಮ.

“ಕಂಚಿಬೈಲಾ? ಅದು ಮುಳುಗಿ ಹೋತಲ್ಲ!”

“ಹೌದು. ಅಲ್ಲಿಂದ್ಲೇ ದಾಟಿ ಬಂದ್ವಿ.”