ಒಂದು ಗಾಜಿನ ಮುಚ್ಚಳ

“ಅದನ್ನ ಮುಟ್ಟಬೇಡಿ!”

ಆತಿಯಾ ಬಾಗಿಲಲ್ಲೇ ನಿಂತು ಕೂಗಿದಳು. ಆಗಲೇ ತಡವಾಗಿತ್ತು. ಲ್ಯಾಬಿನ ವ್ಯಾಕ್ಯೂಮ್ ಪಂಪ್ ರಿಪೇರಿಗೆ ಬಂದಿದ್ದವನು ಅವಳ ಒದ್ದೆ ಫಿಲ್ಮಿನ ಮೇಲೆ ಗಾಜಿನ ಮುಚ್ಚಳ ಕವುಚಿಟ್ಟಿದ್ದ.

“ಫ್ಯಾನ್ ಗಾಳಿ ಬಡೀತಿತ್ತು ಮೇಡಂ. ಅದಕ್ಕೇ ಮುಚ್ದೆ.”

“ನಾನು ಕೇಳಿದ್ನಾ? ನಿಮ್ಮ ಕೆಲಸ ಪಂಪು.”

ಅವನು ಎಣ್ಣೆ ಹತ್ತಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಕಣ್ಣು ಕೆಳಗಾಯಿತು... ಆ ನೋಟ ದಿನವಿಡೀ ಅವಳನ್ನು ಬಿಡಲಿಲ್ಲ.

ಆದರೂ ಸಂಜೆ ದೂರು ಬರೆದಳು. ಒಂದೊಂದು ಪದವನ್ನೂ ತೂಗಿ ಬರೆದ ನಾಲ್ಕು ಸಾಲು. ಕೆ.ಆರ್.ಪೇಟೆಯ ಆ ಮೆಕ್ಯಾನಿಕ್ ಕಲೀಂನನ್ನು ಇನ್ನು ಮುಂದೆ ಕಾಲೇಜಿಗೆ ಕರೆಯುವುದಿಲ್ಲ ಎಂದಾಯಿತು.

ಅವಳ ಭಯಕ್ಕೆ ಕಾರಣವಿತ್ತು. ಪಾಂಡವಪುರ ರಸ್ತೆಯ ಆ ಕಾಲೇಜಿನಲ್ಲಿ ಮೂರು ವರ್ಷದಿಂದ ಅವಳದು ಒಂದೇ ಸಂಶೋಧನೆ. ಗಾಜಿಗೆ ಬಣ್ಣದಂತೆ ಬಳಿಯಬಹುದಾದ ಸೋಲಾರ್ ಫಿಲ್ಮು. ಬಿಸಿಲು ಬಿದ್ದರೆ ಅದರೊಳಗೆ ಒಂದು ಜೋಡಿ ಹುಟ್ಟುತ್ತದೆ, ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ಖಾಲಿ ಜಾಗ. ಎಕ್ಸಿಟಾನ್ ಎಂದು ಅದರ ಹೆಸರು. ಆರಿಹೋಗುವ ಮೊದಲು ಆ ಜೋಡಿ ಪಕ್ಕದ ಪದರದ ಗಡಿ ಮುಟ್ಟಿದರೆ ಕರೆಂಟು, ಇಲ್ಲದಿದ್ದರೆ ವ್ಯರ್ಥ. ಅವಳ ಫಿಲ್ಮಿನ ಜೋಡಿಗಳು ಒಂಬತ್ತು ನ್ಯಾನೋಮೀಟರ್ ನಡೆದು ಆರಿಹೋಗುತ್ತಿದ್ದವು. ನಾಲ್ಕು ತಿಂಗಳಲ್ಲಿ ಇಪ್ಪತ್ತು ದಾಟದಿದ್ದರೆ ಪ್ರಾಜೆಕ್ಟು ಮುಚ್ಚುತ್ತದೆ.

ಮೂರನೇ ದಿನ ಅಟೆಂಡರ್ ಜವರಯ್ಯ ಕೇಳಿದ, “ಆ ಮುಚ್ಚಿಟ್ಟಿರೋದ್ನ ಎಸೆದ್ಬುಡ್ಲಾ ಮೇಡಮ್ಮೋರೇ?”

ಎಸೆಯುವ ಮೊದಲು ಅಭ್ಯಾಸಬಲದಿಂದ ಅಳೆದಳು.

ಮೂವತ್ತೊಂದು.

ಮತ್ತೆ ಅಳೆದಳು. ಮೂವತ್ತೊಂದೇ...

“ಯಾಕ್ ತಾಯಿ, ಅದ್ನೇ ಮತ್ ಮತ್ತೆ ಅಳೀತಾ ಇದೀರಿ?”

“ಜವರಯ್ಯ... ಆ ಕಲೀಂ ಎಲ್ಲಿ ಸಿಗ್ತಾರೆ?”

“ಓಡ್ಸ್ಬುಟ್ಟು ಈಗ ಉಡುಕ್ತೀರಾ? ಚೆಂದಾಗದೆ ಬುಡಿ.”

ಮರುದಿನವೇ ಅವಳು ಕೆ.ಆರ್.ಪೇಟೆ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡ್ ಹಿಂದಿನ ಸಣ್ಣ ಅಂಗಡಿಯಲ್ಲಿ ಕಲೀಂ ಮೋಟಾರು ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಅವತ್ತು ಯಾಕೆ ಮುಚ್ಚಿದ್ರಿ?”

“ಮಾಕವಳ್ಳಿ ಸಕ್ಕರೆ ಫ್ಯಾಕ್ಟರೀಲಿ ಏಳು ಸೀಜನ್ನು ಪಾಕ ಕಾಯ್ಸಿದ್ದೀನಿ ಮೇಡಂ. ಪಂಪ್ ಕೆಲಸ ಕಲ್ತಿದ್ದೂ ಅಲ್ಲೇ. ಪಾಕ ಬೇಗ ಆರ್ಬಿಟ್ರೆ ಹರಳು ಪುಡಿಪುಡಿ. ನಿಧಾನಕ್ಕೆ ಆರಿದ್ರೆ ಸಾಲಾಗಿ ಕೂರ್ತವೆ. ನಿಮ್ದೂ ಅಂಗೇ ಕಾಣ್ತು.”

ಫಿಲ್ಮಿನ ಹರಳುಗಳೂ ಸಾಲಾಗಿ ಕೂತರೆ ಆ ಜೋಡಿಗೆ ದಾರಿ ಸಲೀಸು! ಮೂರು ವರ್ಷ ಓದಿದ್ದರಲ್ಲಿ ಇದು ಎಲ್ಲಿತ್ತು?

ಅವಳು ಚೀಲದಿಂದ ಕಾಗದ ತೆಗೆದು ಕೊಟ್ಟಳು. “ದೂರು ವಾಪಸ್ ತಗೊಂಡಿದ್ದೀನಿ.”

ಅವನು ಪೂರ್ತಿ ಓದಿದ. “ತಪ್ಪು ನನ್ನದು ಅಂತ ಎರಡು ಸಲ ಬರ್ದಿದ್ದೀರಲ್ಲ?”

“ಒಂದು ಸಲ ಸಾಕಾಗಲಿಲ್ಲ.”

ಆಗ ಅವನು ಮೊದಲ ಬಾರಿ ನಕ್ಕ.

ಅಂದಿನಿಂದ ಪ್ರತಿ ಭಾನುವಾರ ಲ್ಯಾಬಿಗೆ ಬಂದ. ಹತ್ತು ನಿಮಿಷ ಮುಚ್ಚಿಟ್ಟರು, ಇಪ್ಪತ್ತು, ನಲವತ್ತು. ಅಳೆಯುವ ಮೊದಲೇ ಅವನು ಬಗ್ಗಿ ನೋಡಿ, “ಇದು ಅವಸರದ್ದು,” ಎನ್ನುತ್ತಿದ್ದ. ಹೆಚ್ಚು ಸಲ ಅದೇ ನಿಜವಾಗುತ್ತಿತ್ತು. ಗೇಟಿನಲ್ಲಿ ಅವನ ಬೈಕಿನ ಸದ್ದು ಕೇಳುವವರೆಗೆ ಆತಿಯಾಳ ಪೆನ್ನು ಓಡುತ್ತಿರಲಿಲ್ಲ.

‘ಏನಾಗ್ತಿದೆ ನನಗೆ...’

ಪರಿಶೀಲನಾ ಸಮಿತಿ ಬರುವ ಹಿಂದಿನ ದಿನ ಅವಳ ಗೈಡ್ ಶಿವಶಂಕರ್ ವರದಿ ತಿರುವಿದರು. “ಆಕಸ್ಮಿಕವಾಗಿ ಮುಚ್ಚಿದಾಗ ಅಂತ ಬರಿಯಮ್ಮ. ಮೆಕ್ಯಾನಿಕ್ ಹೇಳ್ದ ಅಂದ್ರೆ ನಗ್ತಾರೆ.”

ಆಕಸ್ಮಿಕ. ಎಷ್ಟು ಅಚ್ಚುಕಟ್ಟಾದ ಪದ. ಎಂಥ ಸುಳ್ಳು.

ಮರುದಿನ ಲ್ಯಾಬಿನಲ್ಲೇ ನಡೆದ ಸಭೆಯಲ್ಲಿ ಸಮಿತಿಯ ಹಿರಿಯ ಮಹಿಳೆ ಗ್ರಾಫ್ ನೋಡಿ ಕನ್ನಡಕ ತೆಗೆದರು. “ಇದು ಹೇಗಮ್ಮ ಹೊಳೀತು?”

ಆತಿಯಾ ಶಿವಶಂಕರ್ ಕಡೆ ನೋಡಿದಳು. ನಕ್ಕುಬಿಟ್ಟರೆ? ಮೂರು ವರ್ಷ ಇಲ್ಲಿಗೇ ಮುಗಿದರೆ? ಪಂಪಿನ ಪಕ್ಕದಲ್ಲಿ ಕಲೀಂ ತಲೆ ತಗ್ಗಿಸಿ ನಿಂತಿದ್ದ.

“ನನಗೆ ಹೊಳೀಲಿಲ್ಲ ಮೇಡಂ. ಕಲೀಂ ಅವರಿಗೆ ಗೊತ್ತಿತ್ತು. ಅಲ್ಲೇ ನಿಂತಿದ್ದಾರೆ.”

ಎಲ್ಲರೂ ತಿರುಗಿದರು. ಯಾರೂ ನಗಲಿಲ್ಲ.

“ನಮ್ಮ ಮುಂದೆ ಒಂದ್ಸಲ ಮಾಡಿ ತೋರಿಸಿ,” ಎಂದರು ಆಕೆ.

ಆತಿಯಾ ಹೊಸ ಫಿಲ್ಮು ಬಳಿದಳು. ಕಲೀಂ ಕೈ ಒರೆಸಿಕೊಂಡು ಮುಚ್ಚಳ ಕವುಚಿದ. ನಲವತ್ತು ನಿಮಿಷ ಯಾರೂ ಏಳಲಿಲ್ಲ. ಆಮೇಲೆ ಅಳೆದಾಗ ಬಂದದ್ದು ಮೂವತ್ತೆರಡು.

ಚಪ್ಪಾಳೆ ಕೋಣೆ ತುಂಬಿತು. ಪ್ರಾಜೆಕ್ಟಿಗೆ ಇನ್ನೆರಡು ವರ್ಷ ಸಿಕ್ಕಿತು. ಪ್ರಬಂಧದಲ್ಲಿ ಅವಳ ಹೆಸರಿನ ಪಕ್ಕದಲ್ಲೇ ಕಲೀಂ ಹೆಸರು ಇರಬೇಕೆಂದು ಆಕೆಯೇ ಹೇಳಿದರು.

“ಮುಚ್ಚಳ ಆಕಿದ್ದಕ್ಕೆ ಚಪ್ಪಾಳೆ ಕಣ್ಲಾ ಕಲೀಂ,” ಎಂದ ಜವರಯ್ಯ. “ನಾನೂ ಮೂವತ್ತು ವರ್ಸದಿಂದ ಸಾರಿನ ಮಡಕೆಗೆ ಮುಚ್ತಾವ್ನಿ, ಒಬ್ರೂ ತಟ್ನಿಲ್ಲ.”

ಹೊರಗೆ ಮೆಟ್ಟಿಲ ಮೇಲೆ ಇಬ್ಬರೇ ಉಳಿದರು.

“ನನ್ನ ಹೆಸರು ಯಾಕೆ ಹೇಳಿದ್ರಿ? ಪ್ರಾಜೆಕ್ಟು ಹೋಗಿದ್ರೆ?”

“ನಿಜ ಅದು.”

“ಅಷ್ಟೇನಾ?”

“ಅಷ್ಟೇ ಅಲ್ಲ...” ಆತಿಯಾ ಪದ ಹುಡುಕಲಿಲ್ಲ. “ನೀವು ಬರದ ಭಾನುವಾರ ನನಗೆ ಬೇಡ.”

ಅವನು ಮೆಲ್ಲಗೆ ಕೇಳಿದ, “ಶ್ರೀರಂಗಪಟ್ಟಣಕ್ಕೆ... ನಿಮ್ಮನೆಗೆ ಸಂಬಂಧ ಕೇಳೋಕೆ ನಮ್ಮಮ್ಮೀನ ಕಳಿಸ್ಲಾ? ಅವಸರ ಆಯ್ತೇನೋ.”

“ನಾಲ್ಕು ತಿಂಗಳು ನಿಧಾನಕ್ಕೆ ಆರಿದೆ ಕಲೀಂ. ಹರಳು ಕೂತಾಯ್ತು.” ಅವಳು ಅವನ ಎಣ್ಣೆ ಹತ್ತಿದ ಕೈ ಹಿಡಿದಳು. “ಈ ಭಾನುವಾರಾನೇ ಕಳಿಸಿ.”